ನೀನಾ?

"ಕನ್ನಡದಲ್ಲಿ ಅನಿಮೆ ನೋಡೋರು ಯಾರು ಮಾರಾಯ, ಇಂಗ್ಲಿಷ್ ಸಬ್‌ಟೈಟಲ್ ಇದ್ಯಲ್ಲ" ಅಂದವರು ಒಬ್ಬರಲ್ಲ, ಜಪಾನಿನ ಕಾರ್ಟೂನ್ ಧಾರಾವಾಹಿಯ, ಅಂದರೆ ಅನಿಮೆಯ, ಒಂದು ಕಂತಿಗೆ ನಾನು ಕನ್ನಡ ಸಬ್‌ಟೈಟಲ್ ಬರೆಯೋಕೆ ಕೂತಾಗ. ಪಕ್ಕದ ಮೊಬೈಲ್ ಅಂಗಡಿಯವನು ಅಂದ, ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಅಂದ. ಕಾಲೇಜಲ್ಲಿ ಕನ್ನಡ ಹೇಳಿಕೊಡುವ ಮೇಷ್ಟ್ರೊಬ್ಬರು "ಇದು ನಮ್ಮ ಭಾಷೆಗೆ ಒಗ್ಗುವ ವಸ್ತು ಅಲ್ಲ" ಅಂತ ತೀರ್ಪನ್ನೇ ಕೊಟ್ಟರು. ಒಗ್ಗಿತು ಸ್ವಾಮಿ. ಹೋದ ಆಷಾಢದಲ್ಲಿ ಅಂಗಡಿ ಮಹಡಿ ಮೇಲೆ ಹನ್ನೊಂದೋ ಹನ್ನೆರಡೋ ಜನ ಕೂತು ನೋಡಿದರು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮೊಬೈಲ್ ಅಂಗಡಿಯವನು ಇನ್ಯಾರದೋ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋಗಿದ್ದ, ಮಾರನೇ ದಿನ ತಂದುಕೊಟ್ಟ.

ಕಂತು ಯಾವುದು ಅಂದರೆ, ಫುಲ್‌ಮೆಟಲ್ ಆಲ್ಕೆಮಿಸ್ಟ್ ಬ್ರದರ್‌ಹುಡ್‌ನ ನಾಲ್ಕನೆಯದು. 2009ರ ಏಪ್ರಿಲ್ 26ಕ್ಕೆ ಜಪಾನಿನಲ್ಲಿ ಬಂದದ್ದು. ನೋಡಿದವರಿಗೆ ಇಷ್ಟು ಹೇಳಿದರೆ ಸಾಕು, ಕರುಳು ಚುರುಕ್ ಅಂದಿರುತ್ತೆ. ನೋಡದೇ ಇರೋರು ಇಲ್ಲಿಗೇ ನಿಲ್ಲಿಸಿ, ಮೊದಲು ನೋಡಿಕೊಂಡು ಬನ್ನಿ. ನಾನು ಗುಟ್ಟೆಲ್ಲ ಬಿಚ್ಚೋನಿದ್ದೀನಿ.

ಅರಾಕಾವಾ ಹಿರೋಮು ಅವರ ಈ ಮಾಂಗಾವನ್ನ (ಜಪಾನೀ ಚಿತ್ರಕತೆ) ಬೋನ್ಸ್ ಸ್ಟುಡಿಯೋ ಎರಡು ಸಲ ಅನಿಮೆ ಮಾಡಿದೆ. 2003ರದ್ದು 51 ಕಂತು, 2009ರದ್ದು 64. ಟಕರ್ ಅನ್ನೋ ಆಲ್ಕೆಮಿಸ್ಟ್ ತನ್ನ ಪುಟ್ಟ ಮಗಳು ನೀನಾಳನ್ನೂ ಅವಳ ನಾಯಿ ಅಲೆಕ್ಸಾಂಡರನ್ನೂ ಬೆರೆಸಿ ಮಾತಾಡೋ ಮೃಗ ಮಾಡೋ ಕತೆ ಎರಡರಲ್ಲೂ ಇದೆ. ಹಳೆಯದರಲ್ಲಿ ಕತೆಯ ನಾಯಕರಾದ ಅಣ್ಣತಮ್ಮಂದಿರು, ಎಡ್ವರ್ಡ್ ಮತ್ತು ಆಲ್, ಟಕರ್ ಮನೆಯಲ್ಲೇ ಉಳಿದು ಪರೀಕ್ಷೆಗೆ ಓದ್ತಾರೆ, ಹಾಗಾಗಿ ಆ ಪುಟ್ಟ ಹುಡುಗಿ ನಮಗೂ ಮನೆಮಗಳ ಹಾಗೆ ಆಗೋಕೆ ಹೊತ್ತು ಸಿಗುತ್ತೆ. ಹೊಸದರಲ್ಲಿ ಒಂದೇ ಕಂತು. ಪರಿಚಯ, ಆಟ, ಅನಾಹುತ, ಸಾವು ಎಲ್ಲ ಇಪ್ಪತ್ತನಾಲ್ಕು ನಿಮಿಷದೊಳಗೆ, ಅದರಲ್ಲೂ ಹಿಂದೆ ಮುಂದೆ ಹಾಡಿಗೆ ಮೂರು ನಿಮಿಷ ಹೋಗುತ್ತೆ. ಸಬ್‌ಟೈಟಲ್ ಹಾಕೋನು ಮೊದಲರ್ಧದ ಆಟದ ಮಾತುಗಳಲ್ಲಿ ಎಡವಿದರೆ ಕೊನೆಗೆ ಏನು ಮಾಡಿದರೂ ಕೂರಲ್ಲ. ಇದು ಗೊತ್ತಾಗೋಕೆ ನನಗೆ ಎರಡು ವರ್ಷ ಹಿಡೀತು.

ನನ್ನದು ಸಾಗರದಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ಮದುವೆ ಸೀಸನ್ನಲ್ಲಿ ತಲೆ ಎತ್ತೋಕಾಗಲ್ಲ, ಆಷಾಢ ಬಂತು ಅಂದರೆ ನೊಣ ಹೊಡೆಯೋದು. ಹೊರಗೆ ಮಳೆ, ಒಳಗೆ ನಾನು, ಯುಪಿಎಸ್ಸಿನ ಕಿಂಯ್ ಸದ್ದು. ಈ ಕೆಲಸ ಪೂರ್ತಿ ಮೂರು ಆಷಾಢದ್ದು ಅಂತಲೇ ಲೆಕ್ಕ ಹಾಕಿ. ಜಪಾನೀಸ್ ಕಲಿಯೋಕೆ ಶುರುಮಾಡಿದ್ದು ಅದಕ್ಕೂ ನಾಲ್ಕು ವರ್ಷ ಮುಂಚೆ, ಆನ್‌ಲೈನಲ್ಲಿ. ಬೆಂಗಳೂರಿಗೆ ಹೋಗಿ ಎನ್4 ಪರೀಕ್ಷೆ (ಜಪಾನೀಸ್‌ದು, ಕೆಳಗಿನಿಂದ ಎರಡನೇ ಮೆಟ್ಟಿಲು) ಬರೆದೆ, ಎರಡನೇ ಸಲಕ್ಕೆ ಪಾಸಾದೆ. ದೊಡ್ಡ ವಿದ್ವತ್ತೇನಲ್ಲ. ಆದರೆ ಮಕ್ಕಳ ಮಾತು, ಮನೆಮಾತು ಕಿವಿಗೆ ಬೀಳುತ್ತೆ, ಈ ಕಂತಿಗೆ ಅಷ್ಟು ಸಾಕಿತ್ತು.

ದುಡ್ಡಿನ ಲೆಕ್ಕ ಕೇಳ್ತೀರಿ ಅಂತ ಗೊತ್ತು. ನಮ್ಮ ಊರಿನ ಹುಡುಗಿಯೊಬ್ಬಳು ನಗೋಯಾದಲ್ಲಿ ಕೆಲಸಕ್ಕಿದ್ದಾಳೆ, ರಜೆಗೆ ಬರುವಾಗ ಜಪಾನಿನ ಬ್ಲೂರೇ ಡಿಸ್ಕ್ ತಂದಳು. ಹತ್ತಿರ ಹತ್ತಿರ ಐದೂವರೆ ಸಾವಿರ. ಮನೆಯ ಪ್ಲೇಯರಿಗೆ ಹಾಕಿದರೆ ಕಪ್ಪು ಪರದೆ. ಬ್ಲೂರೇಯಲ್ಲಿ ಜಪಾನ್ ಎ ವಲಯ, ನಾವು ಸಿ ವಲಯ ಅನ್ನೋದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸೋ ಡ್ರೈವ್ ತಗೊಂಡೆ, ಒಂಬತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ಡಿಸ್ಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರಲಿಲ್ಲ. ಆಗ ಬೈಕೊಂಡೆ, ಆಮೇಲೆ ಅದೇ ಪುಣ್ಯ ಆಯ್ತು. ಯುಪಿಎಸ್ ಬ್ಯಾಟರಿ ನಡುವೆ ಸತ್ತು ಐದು ಸಾವಿರ. ನಗೋಯಾದವಳ ಹತ್ತಿರ ವಾರಕ್ಕೆ ಒಂದು ಗಂಟೆ ಫೋನಲ್ಲಿ ಅನುಮಾನ ಕೇಳೋದು, ಅದಕ್ಕೆ ದುಡ್ಡು ಮುಟ್ಟಲ್ಲ ಅಂದಳು. ಅವಳಮ್ಮನಿಗೆ ಎರಡು ಸಲ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಕೊಟ್ಟು ಬಂದೆ. ಒಟ್ಟು ಇಪ್ಪತ್ತು ಸಾವಿರದ ಆಸುಪಾಸು ಹೋಗಿದೆ. ವಾಪಸು ಬಂದದ್ದು ಸೊನ್ನೆ, ಬರೋ ಹಾಗೂ ಇಲ್ಲ. ಡಿಸ್ಕ್ ಕೊಂಡಿದ್ದೀನಿ, ಮನೆಮಂದಿಗೆ ತೋರಿಸ್ತೀನಿ, ಅಷ್ಟೇ. ಫೈಲ್ ಕಳಿಸಿ ಅಂತ ಯಾರೂ ಕೇಳಬೇಡಿ.

ಇನ್ನೊಂದು ನಷ್ಟ ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ಹೊಟ್ಟೆ ಉರಿಯುತ್ತೆ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಕೆಲಸ ಮಾಡುವಾಗ ಕಾಪಿ ಮಾಡಿದ ಸಾಲು ಎಲ್ಲೋ ಹೋಗಿ ಎಲ್ಲೋ ಕೂತುಬಿಟ್ಟಿತು. ಗೃಹಪ್ರವೇಶದ ಪ್ರೂಫ್ ವಾಟ್ಸಾಪಲ್ಲಿ ಕಳಿಸಿದೆ. "ತಮ್ಮ ಸುಖಾಗಮನ ಬಯಸುವ" ಅನ್ನೋದರ ಕೆಳಗೆ, ಮನೆ ಯಜಮಾನರ ಹೆಸರಿನ ಪಕ್ಕದಲ್ಲಿ, "ಸಾಯ್ಬೇಕು" ಅಂತ ಇತ್ತು. ಮುನ್ನೂರು ಕಾರ್ಡಿನ ಆರ್ಡರು. ಅವರು ಬೈಯಲೂ ಇಲ್ಲ, ಫೋನೇ ಎತ್ತಲಿಲ್ಲ.

ಮೊದಲ ಆಷಾಢದಲ್ಲಿ ಮಾಡಿದ್ದು ಎಲ್ಲರೂ ಮಾಡೋದೇ. ಆಗಿನ್ನೂ ಡಿಸ್ಕ್ ಇರಲಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಸಾಲಿಗೆ ಸಾಲು ಕನ್ನಡಕ್ಕೆ ಎಳೆದೆ. ಮುನ್ನೂರ ನಲವತ್ತು ಸಾಲು ಆಯ್ತು, ಹದಿನೈದು ದಿನದಲ್ಲಿ ಮುಗೀತು, ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಅಮ್ಮ ಆರನೇ ನಿಮಿಷಕ್ಕೆ ಎದ್ದು ಅವರೆಕಾಳು ಸುಲಿಯೋಕೆ ಹೋದರು. "ಅದೇನೋ ಬ್ಯಾಂಕಿನ ಫಾರ್ಮ್ ಓದಿದ ಹಾಗಿದೆ ಕಣೋ" ಅಂದರು. ನಿಜ. ಪುಟ್ಟ ಹುಡುಗಿ ಬಾಯಲ್ಲಿ "ನಾನು ನಿಮ್ಮೊಂದಿಗೆ ಆಟವಾಡಲು ಇಚ್ಛಿಸುತ್ತೇನೆ" ಅಂತ ಇಟ್ಟಿದ್ದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತೆ.

ಎರಡನೇ ಆಷಾಢದಲ್ಲಿ ಮೇಷ್ಟ್ರ ಮಾತು ಕೇಳಿ ಕೆಟ್ಟೆ. ಗಂಭೀರ ವಸ್ತು, ಭಾಷೆಯೂ ತೂಕದ್ದಿರಲಿ ಅಂದಿದ್ದರು. ಆಲ್ಕೆಮಿಸ್ಟ್‌ಗೆ ರಸವಾದಿ, ಎರಡು ಜೀವ ಬೆರೆಸಿದ ಮೃಗಕ್ಕೆ ಸಂಕರಪ್ರಾಣಿ, ಆಮೇಲೆ ಸಮಾನ ವಿನಿಮಯ ಸಿದ್ಧಾಂತ. ಓದೋಕೆ ಚೆನ್ನ, ಪುಸ್ತಕದಲ್ಲಿ. ಪರದೆ ಮೇಲೆ ಎರಡು ಸೆಕೆಂಡಲ್ಲಿ ಬಂದು ಹೋಗೋ ಸಾಲಿಗೆ ಅಲ್ಲ. ಅದರಲ್ಲಿ ಉಳಿಸಿಕೊಂಡದ್ದು ರಸವಾದಿ ಒಂದೇ ಪದ. ಜಪಾನೀಸಿನ 'ಕೊಕ್ಕ ರೆಂಕಿಂಜುತ್ಸುಶಿ'ಗೆ ನಾನು ಹಾಕಿದ್ದು 'ಸರ್ಕಾರಿ ರಸವಾದಿ'. ಮೇಷ್ಟ್ರು ಮುಖ ಹಿಂಡಿದರು, 'ರಾಷ್ಟ್ರೀಯ' ಅನ್ನಿ ಅಂದರು. ಆದರೆ ಟಕರ್ ಕತೆ ಇರೋದೇ ಅಲ್ಲಿ. ವರ್ಷಕ್ಕೊಂದು ಸಲ ಮೇಲಿನವರು ಬಂದು ಇವನ ಕೆಲಸ ತೂಗಿ ನೋಡ್ತಾರೆ, ಹೋದ ಸಲ ಚೆನ್ನಾಗಿರಲಿಲ್ಲ, ಈ ಸಲವೂ ಹಾಗೇ ಆದರೆ ನೌಕರಿ ಹೋಗಿ ಮತ್ತೆ ಬಡತನ. 'ಸರ್ಕಾರಿ' ಅಂತ ಒಂದು ಪದ ಬಿದ್ದರೆ ನಮ್ಮೂರಲ್ಲಿ ಆ ಭಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಂಕರಪ್ರಾಣಿ ಬಿಟ್ಟು 'ಬೆರಕೆ ಮೃಗ' ಅಂದೆ. ಬೆರಕೆ ಅನ್ನೋದರಲ್ಲಿ ಒಂದು ಬೈಗುಳದ ವಾಸನೆ ಇದೆ. ಇರಲಿ ಅಂತಲೇ ಬಿಟ್ಟೆ.

ಮೂರನೇ ಸಲ ಹಳೆಯ ಎರಡೂ ಫೈಲ್ ಅಳಿಸಿ ಹಾಕಿದೆ. ಡಿಸ್ಕ್ ಬಂದಿತ್ತು, ಇಂಗ್ಲಿಷ್ ಕಣ್ಣಿಗೆ ಬೀಳುತ್ತಿರಲಿಲ್ಲ. ಬರೀ ದನಿ ಕೇಳೋದು, ನಿಲ್ಲಿಸೋದು, ಇದನ್ನ ನಮ್ಮ ಮನೆಯಲ್ಲಿ ಯಾರು ಹೇಗೆ ಅಂದಾರು ಅಂತ ಬಾಯಿಬಿಟ್ಟು ಹೇಳೋದು, ಬಾಯಿಗೆ ಬಂದದ್ದನ್ನೇ ಟೈಪ್ ಮಾಡೋದು. ಬರೆದದ್ದನ್ನ ಓದಿ ತಿದ್ದಲಿಲ್ಲ, ಹೇಳಿ ತಿದ್ದಿದೆ. ನೀನಾ ದನಿ ಕೊಟ್ಟ ಮೊರೋಹೋಶಿ ಸುಮಿರೆಗೆ ಆಗ ಹತ್ತರ ಆಸುಪಾಸು ವಯಸ್ಸು. ದೊಡ್ಡವರು ಮಕ್ಕಳ ದನಿ ಮಾಡಿದ್ದಲ್ಲ, ಮಗುವಿನ ಉಸಿರೇ. ಅದಕ್ಕೆ ನಾನು ಬರೆದ ಸಾಲು ಹೊಂದುತ್ತಾ ಅಂತ ನೋಡೋಕೆ ಅಕ್ಕನ ಮಗಳನ್ನ ಕೂರಿಸಿಕೊಂಡೆ. ಎಂಟು ವರ್ಷ. ಅವಳು ಓದುವಾಗ ಎಲ್ಲಿ ತಡವರಿಸಿದಳೋ ಆ ಸಾಲು ತಪ್ಪು, ಅಷ್ಟೇ ನಿಯಮ. "ನಾವೂ ಬರ್ತೀವಿ" ಅಂತ ನಾನು ಬರೆದದ್ದನ್ನ ಅವಳು "ನಾವೂ ಬತ್ತೀವಿ" ಅಂತ ಓದಿದಳು, ಹಾಗೇ ಇಟ್ಟೆ. ಕೊನೆಗೆ ಉಳಿದದ್ದು ಇನ್ನೂರ ಎಪ್ಪತ್ತು ಸಾಲೋ ಏನೋ. ಕಮ್ಮಿ ಆದಷ್ಟೂ ಚೆಂದ ಆಗ್ತಾ ಹೋಯ್ತು.

ಓದುವ ವೇಗದ ವಿಚಾರದಲ್ಲಿ ತಂತ್ರಾಂಶ ತೋರಿಸೋ ಸಂಖ್ಯೆ ನಂಬಬೇಡಿ. 'ಸ್ತ್ರೀ' ಅನ್ನೋದು ಕಣ್ಣಿಗೆ ಒಂದಕ್ಷರ, ಯೂನಿಕೋಡಿಗೆ ಆರು. ಇಂಗ್ಲಿಷಿನ ಲೆಕ್ಕ ಹಿಡಿದು ಏಜಿಸಬ್ ಅನ್ನೋ ಸಬ್‌ಟೈಟಲ್ ತಂತ್ರಾಂಶ ಕೆಂಪು ಬಣ್ಣ ತೋರಿಸಿತು ಅಂತ ನಾನು ಮೊದಲ ವರ್ಷ ಎಷ್ಟೋ ಒಳ್ಳೆ ಸಾಲುಗಳನ್ನ ಕೊಂದಿದ್ದೀನಿ. ಈಗ ಅಕ್ಷರ ಬೆರಳಲ್ಲಿ ಎಣಿಸ್ತೀನಿ, ಪ್ರಾಸ ಎಣಿಸಿದ ಹಾಗೆ. ಅಮ್ಮನ ಕಣ್ಣಿಗೆ ಸೆಕೆಂಡಿಗೆ ಎಂಟು ಅಕ್ಷರ, ಹರೆಯದವರಿಗೆ ಹನ್ನೊಂದು. ಸಾಲಿಗೆ ಹದಿನೆಂಟು ಇಪ್ಪತ್ತು ದಾಟಿಸಲ್ಲ.

ಕನ್ನಡಕ್ಕೆ ಇನ್ನೊಂದು ಸಂಕಟ ಎರಡು ಸಾಲಿನದು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಜೋತು ಬಿದ್ದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. 'ಪ್ರಯತ್ನ' ಕೆಳಗೆ 'ನೀವೇ' ಬಂದರೆ ನೋಡಿ, ಗಂಟು. ಎಎಸ್‌ಎಸ್ ಅನ್ನೋ ಸಬ್‌ಟೈಟಲ್ ಫೈಲಿನಲ್ಲಿ ಸಾಲಿನ ಅಂತರಕ್ಕೆ ಅಂತ ಒಂದು ಗುಂಡಿ ಇಲ್ಲ. ನಾನು ಅದನ್ನ ಬಗೆಹರಿಸಿಕೊಂಡೆ. ಹೇಗೆ ಅನ್ನೋದು ನನ್ನಲ್ಲೇ ಇರಲಿ, ಎರಡು ಮಳೆಗಾಲ ಕಣ್ಣು ಕೆಡಿಸಿಕೊಂಡಿದ್ದೀನಿ. ಸುಳಿವು ಬೇಕಾದರೆ, ಗುಟ್ಟು ಫೈಲಿನಲ್ಲಿಲ್ಲ, ಫಾಂಟಿನಲ್ಲಿದೆ. ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಕನ್ನಡದ ಜಾಗದಲ್ಲಿ ಸಾಲಾಗಿ ಚೌಕಗಳು ಬರೋದು ನಿಮಗೆಲ್ಲ ಗೊತ್ತೇ ಇದೆ, ಎಫ್‌ಎಫ್‌ಎಂಪೆಗ್ ಅನ್ನೋ ತಂತ್ರಾಂಶ ಹಾಕಿ ಚಿತ್ರದ ಮೇಲೇ ಸುಟ್ಟುಬಿಡೋದು ವಾಸಿ. ಹಾಡಿಗೆ ಕರಾವೋಕೆ ಬಣ್ಣ ಓಡಿಸೋಕೆ ಹೋಗಿ ಒಂದು ವಾರ ಹಾಳುಮಾಡಿದೆ. ಅಕ್ಷರದ ನಡುವೆ ಟ್ಯಾಗ್ ನುಗ್ಗಿದ ಕೂಡಲೇ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತೆ. ಹಾಡು ಹಾಗೇ ಬಿಟ್ಟೆ, ಯಾರೂ ಕೇಳಲಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರ್ತೀನಿ.

ಟಕರ್ ಹೆಂಡತಿ ಎಲ್ಲಿ ಅನ್ನೋದಕ್ಕೆ ಹುಡುಗಿ ಹೇಳೋ ಮಾತಿದೆಯಲ್ಲ, ಅಮ್ಮ ಎರಡು ವರ್ಷದ ಹಿಂದೆ 'ಜಿಕ್ಕ'ಗೆ ಹೋದಳಂತೆ ಅಂತ ಅಪ್ಪ ಹೇಳಿದ. ಇಂಗ್ಲಿಷಿನಲ್ಲಿ ಅದು ಅಪ್ಪ ಅಮ್ಮನ ಮನೆಗೆ ಹೋದಳು ಅಂತ ಸಪ್ಪೆಯಾಗುತ್ತೆ. ನಮ್ಮಲ್ಲಿ ಒಂದೇ ಪದ, ತವರು. "ಅಮ್ಮ ತವರಿಗೆ ಹೋಗ್ಬಿಟ್ಳು, ಅಪ್ಪ ಹೇಳ್ತು." ಜಿಕ್ಕದ ಹಿಂದೆ ಏನೇನಿದೆಯೋ ತವರಿನ ಹಿಂದೆಯೂ ಅದೆಲ್ಲ ಇದೆ. ಜಗಳ, ಬಡತನ, ನೆರೆಮನೆಯವರ ಗುಸುಗುಸು. ಈ ಸಾಲಿಗೆ ಐದು ನಿಮಿಷವೂ ಹಿಡಿಯಲಿಲ್ಲ, ಇಡೀ ಕಂತಿನಲ್ಲಿ ನನಗೆ ತುಂಬ ಇಷ್ಟ ಇದೇ.

ಹಿಡಿದದ್ದು ಗಂಡು ಹೆಣ್ಣಿನ ವಿಚಾರ. ಜಪಾನೀಸ್ ಕ್ರಿಯಾಪದಕ್ಕೆ ಲಿಂಗ ಇಲ್ಲ, ನಮ್ಮದರಲ್ಲಿ ತಪ್ಪಿಸಿಕೊಳ್ಳೋಕಾಗಲ್ಲ. ಕತ್ತಲೆ ಕೋಣೆಯಲ್ಲಿ ಟಕರ್ ಆ ಮೃಗವನ್ನ ತೋರಿಸ್ತಾನೆ, ಮಾತಾಡೋ ಬೆರಕೆ ಮೃಗ ಕೊನೆಗೂ ಆಯ್ತು ನೋಡಿ ಅಂತ. ಆಗ ಎಡ್ವರ್ಡ್‌ಗೆ ಅದು 'ಅದು'. "ಅಯ್ಯೋ, ನಿಜವಾಗ್ಲೂ ಮಾತಾಡುತ್ತೆ!" ಇಲ್ಲಿವರೆಗೆ ಸರಿ. ಗೊತ್ತಾದ ಮೇಲೆ? ಅವನ ಬಾಯಲ್ಲಿ 'ಅದು' ಯಾವ ಕ್ಷಣಕ್ಕೆ 'ಅವಳು' ಆಗಬೇಕು? ಮೂಲದಲ್ಲಿ ಈ ಪ್ರಶ್ನೆಯೇ ಇಲ್ಲ, ಕನ್ನಡಕ್ಕೆ ತಂದವನ ಕುತ್ತಿಗೆಗೆ ಬರುತ್ತೆ. ನಾನು ಹೀಗೆ ಮಾಡಿದೆ. ಎಡ್ವರ್ಡ್ ಒಂದೊಂದೇ ಪ್ರಶ್ನೆ ಕೇಳುವಷ್ಟು ಹೊತ್ತೂ ಅವನ ಬಾಯಲ್ಲಿ ಅದೂ ಇಲ್ಲ, ಅವಳೂ ಇಲ್ಲ. ಮೊದಲು 'ಅವಳು' ಅನ್ನೋದು ತಮ್ಮ ಆಲ್. ಟಕರ್ ಮಾತ್ರ ಸಾಯೋವರೆಗೂ ತನ್ನ ಮಗಳನ್ನ 'ಅದು' ಅಂತಾನೆ.

ಮೃಗ ಎಡ್ವರ್ಡ್ ಹೆಸರನ್ನ ತೊದಲಿದಾಗ ಟಕರ್ ಅದನ್ನ ಮೆಚ್ಚಿಕೊಳ್ತಾನೆ. 'ಶಭಾಷ್' ಹಾಕಿದೆ, ಸರ್ಕಸ್ಸಿನವನ ಹಾಗಾಯ್ತು. 'ಜಾಣೆ' ಅಂದರೆ ಗುಟ್ಟು ಅಲ್ಲೇ ಒಡೆಯಿತು. ನಾಲ್ಕು ದಿನ ಆದ ಮೇಲೆ ಅಕ್ಕ ತನ್ನ ಮಗಳಿಗೆ ಊಟ ಮಾಡಿಸ್ತಾ "ಜಾಣಮರಿ ಅಲ್ವಾ" ಅಂದಳು, ಆ ಕಡೆ ತಿರುಗಿ ಬಾಲ ಅಲ್ಲಾಡಿಸ್ತಿದ್ದ ನಾಯಿಗೂ "ನೀನೂ ಜಾಣಮರಿ" ಅಂತ ಒಂದು ತುತ್ತು ಹಾಕಿದಳು. ಸಿಕ್ಕಿತು. ಮಗುವಿಗೂ ಸೈ, ನಾಯಿಗೂ ಸೈ. ಇಲ್ಲಿ ಒಂದು ಕಳ್ಳತನ ಒಪ್ಪಿಕೊಳ್ಳಬೇಕು. ಮೊದಲರ್ಧದಲ್ಲಿ ಟಕರ್ ಮಗಳನ್ನ ಮಾತಾಡಿಸೋ ಕಡೆಯೂ ಒಂದು 'ಜಾಣಮರಿ' ಸಿಕ್ಕಿಸಿದ್ದೀನಿ, ಮೂಲದಲ್ಲಿ ಅಂಥ ಪದ ಅಲ್ಲಿಲ್ಲ. ಶುದ್ಧಾಂಗರು ಬೈಯಬಹುದು. ಎರಡನೇ ಸಲ ನೋಡಿದವರು ಬೈಯಲ್ಲ.

ಮತ್ತೆ ಆ ಸಾಲು. ಎಡ್ವರ್ಡ್, ಎಡ್ವರ್ಡ್ ಅಂತ ತೊದಲ್ತಾ ತೊದಲ್ತಾ ಕೊನೆಗೆ 'ಒನೀಚಾನ್' ಅಂದುಬಿಡುತ್ತೆ. ಇಂಗ್ಲಿಷಿನಲ್ಲಿ ಯಾವ ಮಗುವೂ ಅಣ್ಣನನ್ನ ದೊಡ್ಡ ಸಹೋದರ ಅಂತ ಕರೆಯಲ್ಲ, ಹಾಗಾಗಿ ಅಲ್ಲಿ ಆ ಪದ ಬಂದಾಗಲೆಲ್ಲ ಹೊಲಿಗೆ ಕಾಣುತ್ತೆ. ನಮಗೆ 'ಅಣ್ಣ' ದಿನಕ್ಕೆ ನೂರು ಸಲ ಬಾಯಿಗೆ ಬರೋ ಪದ. ಬಸ್ ಕಂಡಕ್ಟರಿಗೂ ಅಣ್ಣ. ಮೊದಲರ್ಧದಲ್ಲಿ ಹುಡುಗಿ "ಅಣ್ಣಾ ಬಾ, ಅಣ್ಣಾ ಹಿಡಿ" ಅನ್ನುವಾಗ ಯಾರ ಗಮನಕ್ಕೂ ಬರದ ಹಾಗೆ ಆರೋ ಏಳೋ ಸಲ ಹೋಗುತ್ತೆ. ಹಾಗೆ ಹೋಗಬೇಕು. 'ಅಣ್ಣಯ್ಯ' ಇಟ್ಟು ನೋಡಿದ್ದೆ, ನಮ್ಮ ಕಡೆ ಅದೇ ಜಾಸ್ತಿ, ಆದರೆ ಅದು ಮೂರು ಅಕ್ಷರ, ಕೊನೆಯಲ್ಲಿ ಎಳೆದ ಹಾಗಾಗಿ ಏಟು ಬೀಳಲಿಲ್ಲ.

ತೊದಲನ್ನ ಅಕ್ಷರದಲ್ಲಿ ತೋರಿಸೋದೇ ಬೇರೆ ಕಸರತ್ತು. "ಎಡ್… ವರ್ಡ್…" ಸಲೀಸು, ಚುಕ್ಕಿ ನಡುವೆ ಬಂದರೆ ಒತ್ತು ತಾನಾಗೇ ಬಿಡಿಸಿಕೊಳ್ಳುತ್ತೆ. ಆದರೆ 'ಅಣ್ಣ'ದಲ್ಲಿ ನನಗೆ ಚುಕ್ಕಿ ಬೇಡವಾಗಿತ್ತು. ಗಂಟಲಲ್ಲಿ ಸಿಕ್ಕಿಕೊಂಡು ಬಿಡಿಸಿಕೊಂಡ ಹಾಗೆ, ಣ ಕೆಳಗೆ ಣ ಕೂರದೆ ಪಕ್ಕಕ್ಕೆ ಬಂದು ನಿಲ್ಲಬೇಕಿತ್ತು. ಅಣ್‌ಣ. ಅರ್ಧಾಕ್ಷರದ ನಂತರ ಶೂನ್ಯ ಅಗಲದ ಬಿಡಿಸೋ ಅಕ್ಷರ ಹಾಕಿದರೆ ಆಗುತ್ತೆ, ಡಿಟಿಪಿ ಮಾಡೋರಿಗೆ ಇದೇನು ಹೊಸದಲ್ಲ, ರಾಜ್‌ಕುಮಾರ್ ಅಂತ ದಿನಾ ಹೊಡೀತೀವಿ. ಹಾಕಿ ನೋಡಿದೆ. ಮೊದಲ ಸಲ ಪರದೆ ಮೇಲೆ ಬಂದಾಗ, ಅಷ್ಟೊತ್ತಿಗೆ ಆ ದೃಶ್ಯವನ್ನ ಇನ್ನೂರು ಸಲ ಕೇಳಿದ್ದ ನಾನೇ ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಮಳೆ ನೋಡ್ತಾ ನಿಂತೆ. ಆಗಲೇ ಅಂದುಕೊಂಡೆ, ಇದು ನಡೆಯುತ್ತೆ.

ಟಕರ್ ಬಾಯಿಂದ ಬರೋ ಆ ಪ್ರಸಿದ್ಧ ಸಾಲು ಜಪಾನಿನಲ್ಲಿ ಈಗ ತಮಾಷೆಗೂ ಬಳಸೋ ಗಾದೆಯಂತಾಗಿದೆ: 'ಕಿಮಿ ನೋ ಯೋನ ಕಾನ್ ನೋ ಈ ಗಾಕಿ ವ ಕಿರಾಯ್ ದಾ ಯೋ'. ನನ್ನ ಹಳೆಯ ಫೈಲಿನಲ್ಲಿ "ನಿನ್ನಂಥ ಚುರುಕುಬುದ್ಧಿಯ ಹುಡುಗರನ್ನು ನಾನು ದ್ವೇಷಿಸುತ್ತೇನೆ" ಅಂತಿತ್ತು. ಯಾವ ಅಪ್ಪನೂ ಹಾಗೆ ಮಾತಾಡಲ್ಲ. ದ್ವೇಷಿಸುತ್ತೇನೆ ಅಂತ ನಾನು ಹುಟ್ಟಿದಾಗಿನಿಂದ ಯಾರೂ ಯಾರಿಗೂ ಅಂದದ್ದು ಕೇಳಿಲ್ಲ. ಕಂಡ್ರೆ ಆಗಲ್ಲ ಅಂತಾರೆ. 'ಕಾನ್' ಅನ್ನೋದು ಬುದ್ಧಿ ಅಲ್ಲ, ಹೇಳದೇ ಇದ್ದದ್ದರ ವಾಸನೆ ಹಿಡಿಯೋದು. ಹನ್ನೆರಡು ಹದಿಮೂರು ಸಲ ತಿರುಗಿಸಿ ಕೊನೆಗೆ ಹೀಗಿಟ್ಟೆ: "ಬೇಗ ವಾಸನೆ ಹಿಡಿಯೋ ನಿನ್ನಂಥ ಮರಿಗಳ್ನ ಕಂಡ್ರೆ ನಂಗಾಗಲ್ಲ ಕಣಪ್ಪ." ಆ 'ಕಣಪ್ಪ' ನೋಡಿ. ಮೂಲದ 'ದಾ ಯೋ'ದಲ್ಲಿರೋ ತಣ್ಣಗಿನ ಮೆದುತನ ಎಲ್ಲ ಅದರಲ್ಲಿ ಬಂತು. ಎದುರಿಗಿರೋ ಹುಡುಗನ ತಲೆ ಸವರಿ ಹೇಳಿದ ಹಾಗಿದೆ, ಅದೇ ಅಸಹ್ಯ. ಅಲ್ಲಿವರೆಗೆ "ಟಕರ್ ಅವ್ರೇ, ನೀವು" ಅಂತಿದ್ದ ಎಡ್ವರ್ಡ್ ಕುತ್ತಿಗೆ ಪಟ್ಟಿ ಹಿಡಿದು ಗೋಡೆಗೆ ಅದುಮಿದಾಗ ಏಕವಚನಕ್ಕೆ ಇಳೀತಾನೆ. "ಮಾಡ್ಬಿಟ್ಯಲ್ಲೋ ಪಾಪಿ." ನೀವುನಿಂದ ನೀನುಗೆ ಇಳಿಯೋ ಮೆಟ್ಟಿಲು ಇಂಗ್ಲಿಷಿನ ಮನೆಯಲ್ಲಿಲ್ಲ, ನಮ್ಮ ಮನೆಯಲ್ಲಿದೆ, ಜಪಾನಿನವರ ಮನೆಯಲ್ಲಿ ಇನ್ನೂ ಹೆಚ್ಚಿವೆ.

ಎರಡು ವರ್ಷದ ಹಿಂದೆ ಟಕರ್ ತನ್ನ ಹೆಂಡತಿಯಿಂದಲೇ ಮಾಡಿದ್ದ ಮೃಗ ಆಡಿದ ಒಂದೇ ಮಾತು 'ಶಿನಿತಾಯ್'. "ಸಾಯ್ಬೇಕು" ಅಂತಿಟ್ಟೆ. ಆಸೆಯೂ ಹೌದು, ಆಗಲೇಬೇಕಾದ್ದೂ ಹೌದು, ಎರಡೂ ಒಂದೇ ರೂಪದಲ್ಲಿ ಬರೋದು ಕನ್ನಡದ ಕರುಣೆಯೋ ಕ್ರೌರ್ಯವೋ. ಗೃಹಪ್ರವೇಶದ ಗಿರಾಕಿಗೆ ಮಾತ್ರ ಒಂದೇ ಅರ್ಥ ಆಯ್ತು.

ಕೊನೆಗೆ ಟಕರನ್ನೂ ಮೃಗವನ್ನೂ ಕೊಲ್ಲೋ ಸ್ಕಾರ್ ಅನ್ನೋನು ಬರೋ ಭಾಗದಲ್ಲಿ ಮಾತು ಕಮ್ಮಿ, ನನಗೂ ಕೆಲಸ ಕಮ್ಮಿ.

ನಡುವೆ ಪಕ್ಕದ ದಾರಿ ಹಿಡಿದದ್ದೂ ಉಂಟು. ಓದೋಕೆ ಕಣ್ಣು ಸಾಲದ ಅಜ್ಜ ಅಜ್ಜಿಯರಿಗೆ ಅಂತ ಕನ್ನಡದಲ್ಲಿ ದನಿ ಕೂಡಿಸಿ ನೋಡೋಣ ಅನ್ನಿಸಿತು. ತಾಳಮದ್ದಲೆಯಲ್ಲಿ ಅರ್ಥ ಹೇಳೋ ಸ್ನೇಹಿತನೊಬ್ಬನಿದ್ದಾನೆ, ಗಂಟಲು ಅಂದರೆ ಗಂಟಲು. ಟಕರ್ ಸಾಲು ಕೊಟ್ಟೆ. ಅವನು ಎರಡು ಸಾಲನ್ನ ಹನ್ನೆರಡು ಸಾಲು ಮಾಡಿ, ಟಕರ್‌ಗೆ ಒಂದು ಪೂರ್ವಜನ್ಮದ ಸಮರ್ಥನೆಯನ್ನೂ ಕಟ್ಟಿ, ಎಡ್ವರ್ಡ್ ನಿರುತ್ತರನಾಗೋ ಹಾಗೆ ಮಾಡಿಬಿಟ್ಟ. ವಾದ ನೋಡಿದರೆ ಟಕರೇ ಗೆದ್ದ. ರೆಕಾರ್ಡಿಂಗ್ ಇಟ್ಟುಕೊಂಡಿದ್ದೀನಿ, ಬೇಜಾರಾದಾಗ ಕೇಳ್ತೀನಿ. ಇನ್ನೊಂದು ಸಲ ಅಟ್ಯಾಕ್ ಆನ್ ಟೈಟನ್ ಅನ್ನೋ ಬೇರೆ ಅನಿಮೆಯ ಕೊನೆಯ ಭಾಗದಲ್ಲಿ ಮಿಕಾಸಾ ಎರೆನ್‌ಗೆ ಹೇಳೋ 'ಇತ್ತೆರಾಶ್ಶಾಯ್' ಒಂದೇ ಪದ ಎತ್ತಿಕೊಂಡು ಕೂತೆ. ಮನೆಯಿಂದ ಹೊರಟವರಿಗೆ ಉಳಿದವರು ಹೇಳೋ ಮಾತು. ನಮ್ಮಲ್ಲಿ ಹೊರಟವರು 'ಹೋಗ್ತೀನಿ' ಅಂದರೆ ಬೈತಾರಲ್ಲ, 'ಹೋಗಿ ಬರ್ತೀನಿ' ಅನ್ನು ಅಂತ? "ಹೋಗಿ ಬಾ, ಎರೆನ್." ಬರಲ್ಲ ಅಂತ ಗೊತ್ತಿದ್ದೂ ಬಾ ಅನ್ನೋದು. ಅರ್ಧ ನಿಮಿಷದಲ್ಲಿ ಮುಗಿದ ಕೆಲಸ, ಅದರ ಮುಂದೆ ನನ್ನ ಮೂರು ವರ್ಷ ಸಣ್ಣದಾಗಿ ಕಾಣಿಸಿತು. ಅದು ಬೇರೆ ಮಾತು.

ಹುಡುಗಿಯ ಹೆಸರಿನದೇ ದೊಡ್ಡ ತಲೆನೋವಾಗಿತ್ತು. ನೀನಾ ಅಂತ ಬರೆದರೆ ಕನ್ನಡದಲ್ಲಿ ಅದು ಪ್ರಶ್ನೆ. "ನೀನಾ, ಬಾ" ಅಂದರೆ ಕರೆದದ್ದೋ, ಅನುಮಾನಿಸಿದ್ದೋ? ಮೊದಲ ಎರಡು ಫೈಲಿನಲ್ಲಿ 'ನಿನಾ' ಅಂತ ಹ್ರಸ್ವ ಮಾಡಿ ತಪ್ಪಿಸಿಕೊಂಡಿದ್ದೆ. ಮೂರನೇ ಸಲ, ಆಲ್ ಆ ಮೃಗದ ಮುಂದೆ ಕೂತು ಹೆಸರು ಹಿಡಿದು ಕರೆಯೋ ಕಡೆ ಕೈ ತಪ್ಪಿ ದೀರ್ಘ ಬಿತ್ತು. "ನೀನಾ…" ಅಳಿಸೋಕೆ ಹೋದವನು ಹಾಗೇ ನಿಂತೆ. ಹಿಂದಕ್ಕೆ ಹೋಗಿ ಎಲ್ಲ ಕಡೆಯೂ ದೀರ್ಘ ಮಾಡಿದೆ. ಅರಾಕಾವಾ ಅವರು ಹೊಕ್ಕೈದೋದ ಹೈನುಗಾರರ ಮನೆಯ ಮಗಳು, ತನ್ನ ಹುಡುಗಿಯ ಹೆಸರು ಸಾಗರದಲ್ಲಿ ಹೀಗೆ ಒದಗುತ್ತೆ ಅಂತ ಅಂದುಕೊಂಡಿರಲಿಕ್ಕಿಲ್ಲ.

ತೋರಿಸಿದ ದಿನ ಮಳೆ ಜೋರು. ಅಮ್ಮ ಮುಂದಿನ ಕುರ್ಚಿ, ಸೊಂಟನೋವಿಗೆ ದಿಂಬು. ಮೇಷ್ಟ್ರೂ ಬಂದಿದ್ದರು. ನಾನು ಹಿಂದೆ ನಿಂತು ಪರದೆ ಬಿಟ್ಟು ಜನರ ತಲೆಗಳನ್ನೇ ನೋಡ್ತಿದ್ದೆ. ಹುಡುಗಿ ತವರಿನ ಮಾತು ಹೇಳಿದಳು. ಅಮ್ಮ ಪಕ್ಕದವರಿಗೆ ಅಂದ ಹಾಗೆ ಜೋರಾಗೇ ಅಂದರು: "ತವರಿಗೆ ಹೋದೋಳು ಎರಡು ವರ್ಷ ಮಗೂನ ನೋಡೋಕೆ ಬರ್ಲಿಲ್ವಾ? ಸುಳ್ಳು. ಇವನೇ ಏನೋ ಮಾಡಿದಾನೆ." ಎಡ್ವರ್ಡ್‌ಗೆ ಅದು ಹೊಳೆಯೋಕೆ ಇನ್ನೂ ಏಳೆಂಟು ನಿಮಿಷ ಇತ್ತು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಇದನ್ನ ನಾಲ್ಕು ಸಲ ನೋಡಿದ್ದ ಚಿಕ್ಕಪ್ಪನ ಮಗ ನನ್ನ ಕಡೆ ತಿರುಗಿ ನೋಡಿದ.

'ಅಣ್‌ಣ' ಬಂದಾಗ ಅಮ್ಮ ದಿಂಬು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಲ್ "ನೀನಾ" ಅಂದಾಗ ಹಿಂದಿನಿಂದ ಯಾರೋ "ಹ್ಞೂಂ" ಅಂದರು, ಉತ್ತರ ಕೊಟ್ಟ ಹಾಗೆ. ಅದು ಮೇಷ್ಟ್ರ ದನಿ ಅಂತ ನನ್ನ ಅನುಮಾನ, ಅವರು ಒಪ್ಪಲ್ಲ. ಒಂದು ವಾರ ಬಿಟ್ಟು ಬಂದು "ಸರ್ಕಾರಿ ಅನ್ನೋದು ಇರಲಿ ಬಿಡಿ" ಅಂದರು, ಅಷ್ಟೇ.

ಅಕ್ಕನ ಮಗಳನ್ನ ಆ ದಿನ ಕೂರಿಸಲಿಲ್ಲ. ಎಂಟು ವರ್ಷದವರಿಗೆ ತೋರಿಸೋದಲ್ಲ ಅದು. ಅವಳು ನೋಡಿರೋದು ಮೊದಲರ್ಧ ಮಾತ್ರ. ಹಿತ್ತಲಲ್ಲಿ ಆಟ, ಆ ದೊಡ್ಡ ಬಿಳಿ ನಾಯಿ ಎಡ್ವರ್ಡ್ ಮೇಲೆ ಬಿದ್ದು ಅವನನ್ನ ಅಪ್ಪಚ್ಚಿ ಮಾಡೋದು. ಅಲ್ಲಿಗೆ ನಿಲ್ಲಿಸಿದ್ದೆ. ಹೋದ ಭಾನುವಾರ ಅಂಗಡಿಗೆ ಬಂದವಳು ಕಂಪ್ಯೂಟರ್ ಪಕ್ಕ ನಿಂತು, "ಮಾಮ, ಅಲೆಕ್ಸಾಂಡರ್ ಎಲ್ಲಿ?" ಅಂದಳು.

ಅವನು ಅವನಜ್ಜಿ ಮನೆಗೆ ಹೋಗಿದ್ದಾನೆ ಅಂದೆ.

"ಯಾವಾಗ ಬರ್ತಾನೆ?" ಅಂದಳು.